ಕಳಿಸಿದವರು ಯಾರೋ, ಮೇಲ್ ನಿಂತಿದ್ದು ಇನ್ಯಾರಿಗೋ

ಪೋಸ್ಟ್‌ಫಿಕ್ಸ್ (ಮೇಲ್ ಸಾಗಿಸುವ ತಂತ್ರಾಂಶ) ಮತ್ತು ಮೇಲ್‌ಮ್ಯಾನ್ 2.1 (ಲಿಸ್ಟ್ ನೋಡಿಕೊಳ್ಳುವ ತಂತ್ರಾಂಶ) ಹಾಕಿಕೊಂಡು ಒಂದು ಸಣ್ಣ ಮೇಲಿಂಗ್ ಲಿಸ್ಟ್, ಅಂದರೆ ಒಬ್ಬರು ಬರೆದ ಮೇಲ್ ಎಲ್ಲ ಸದಸ್ಯರಿಗೂ ಹೋಗುವ ವ್ಯವಸ್ಥೆ, ನಡೆಸುತ್ತಿದ್ದೇನೆ. ಊರಿನವರ ಜೊತೆ ಹೊರದೇಶದಲ್ಲಿರುವ ಕನ್ನಡಿಗರೂ ಇದರಲ್ಲಿದ್ದಾರೆ. ಚರ್ಚೆ ಬಹುಪಾಲು ಕನ್ನಡದಲ್ಲೇ. ಒಮ್ಮೆ ಕೆಲವು ಸದಸ್ಯರಿಂದ ಒಂದೇ ದೂರು ಬರತೊಡಗಿತು: ಲಿಸ್ಟ್ ಮೇಲ್ ಬರ್ತಾನೇ ಇಲ್ಲ. ಉಳಿದವರಿಗೆ ಏನೂ ತೊಂದರೆ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಸುಮ್ನೆ ಸರ್ವರ್ ರೀಸ್ಟಾರ್ಟ್ ಮಾಡುವುದರಿಂದ ಏನೂ ತಿಳಿಯುವುದಿಲ್ಲ. ಮೊದಲು ಲಾಗ್ (ಸರ್ವರ್ ಬರೆದಿಡುವ ದಿನಚರಿ) ಓದಬೇಕು. ಪೋಸ್ಟ್‌ಫಿಕ್ಸ್ ಪ್ರತಿ ವಿಳಾಸಕ್ಕೂ ಒಂದು ಸಾಲು ಬರೆದಿಡುತ್ತದೆ. ಅದರಲ್ಲಿ ಸ್ಟೇಟಸ್ ಇರುತ್ತದೆ: ಸೆಂಟ್ (ಹೋಯಿತು), ಡಿಫರ್ಡ್ (ಮುಂದಕ್ಕೆ ಹೋಯಿತು) ಅಥವಾ ಬೌನ್ಸ್ಡ್ (ತಿರಸ್ಕಾರವಾಗಿ ವಾಪಸಾಯಿತು). ಪಕ್ಕದ ಆವರಣದಲ್ಲಿ ಆ ಕಡೆಯ ಸರ್ವರ್ ಹೇಳಿದ ಮಾತು ಹಾಗ್ಹಾಗೇ ಸಿಗುತ್ತದೆ. ಕೋಡ್ 4ರಿಂದ ಶುರುವಾದರೆ ಈಗ ಬೇಡ, ಆಮೇಲೆ ಬಾ ಎಂದರ್ಥ. ಪೋಸ್ಟ್‌ಫಿಕ್ಸ್ ಅಂಥ ಮೇಲನ್ನು ಕ್ಯೂನಲ್ಲಿಟ್ಟುಕೊಂಡು, ನಾವು ಬೇರೆ ಹೇಳದಿದ್ದರೆ 5 ದಿನ ಪ್ರಯತ್ನ ಮಾಡುತ್ತದೆ. 5ರಿಂದ ಶುರುವಾದರೆ ಖಡಾಖಂಡಿತ ಆಗಲ್ಲ ಅಂತ.

ದೂರು ಕೊಟ್ಟ ಒಬ್ಬರ ವಿಳಾಸವನ್ನು ಅವತ್ತಿನ ಲಾಗ್‌ನಲ್ಲಿ ಹುಡುಕಿದೆ. ಒಂದು ಸಾಲೂ ಇಲ್ಲ. ಬೌನ್ಸ್ ಕೂಡ ಇಲ್ಲ. ದೊಡ್ಡ ಸುಳಿವು ಇದೇ. ಆ ಕಡೆಯವರು ಮೇಲನ್ನು ತಿರಸ್ಕರಿಸಿರಲಿಲ್ಲ, ನಮ್ಮ ಸರ್ವರೇ ಅವರಿಗೆ ಕಳಿಸುವುದನ್ನು ನಿಲ್ಲಿಸಿತ್ತು. ಮೇಲ್‌ಮ್ಯಾನ್‌ನ ಸದಸ್ಯರ ಪುಟ ತೆಗೆದರೆ ಅವರ ಹೆಸರಿನ ಮುಂದೆ 'ನೋಮೇಲ್' ಟಿಕ್ ಆಗಿತ್ತು, ಪಕ್ಕದಲ್ಲಿ 'ಬಿ' ಅಕ್ಷರ. ಬೌನ್ಸ್ ಜಾಸ್ತಿ ಆಯಿತೆಂದು ಮೇಲ್‌ಮ್ಯಾನ್ ತಾನಾಗಿ ನಿಲ್ಲಿಸಿದ ಗುರುತು ಅದು. ದೂರು ಕೊಟ್ಟ ಎಲ್ಲರಿಗೂ ಅದೇ 'ಬಿ'.

ಮೇಲ್‌ಮ್ಯಾನ್ ಲೆಕ್ಕ ಇಡುವ ಬಗೆ ಹೀಗೆ: ಗಟ್ಟಿ ಬೌನ್ಸ್ (ಖಡಾಖಂಡಿತ ಆಗಲ್ಲ ಅನ್ನುವ ತಿರಸ್ಕಾರ) ಬಂದ ದಿನಕ್ಕೆ 1 ಅಂಕ. ಒಂದೇ ದಿನ ಎಷ್ಟು ಬಂದರೂ ಒಂದೇ. 5 ಅಂಕ ಆದರೆ ಮೇಲ್ ಬಂದ್. 7 ದಿನ ಬೌನ್ಸ್ ಬರದಿದ್ದರೆ ಹಳೆಯ ಲೆಕ್ಕ ಅಳಿಸಿಹೋಗುತ್ತದೆ. ಆದರೆ ಇವರ ವಿಳಾಸಗಳೆಲ್ಲ ಸರಿಯಾಗಿವೆ, ಬೇರೆ ಮೇಲ್ ಬರುತ್ತಲೇ ಇವೆ. ಹಾಗಾದರೆ ಬೌನ್ಸ್ ಎಲ್ಲಿಂದ ಬಂತು?

ಹಳೆಯ ಲಾಗ್ ತೆಗೆದಾಗ ಉತ್ತರ ಸಿಕ್ಕಿತು. ಎಲ್ಲ ಕಡೆ ಒಂದೇ ಕೋಡ್, 550 5.7.26. ಮೇಲ್ ಯಾರಿಂದ ಬಂತು ಅನ್ನುವುದು ರುಜುವಾತಾಗಲಿಲ್ಲ ಎಂದು ಹೇಳುವ ಕೋಡ್ ಅದು. ಪೋಸ್ಟ್‌ಫಿಕ್ಸ್ ಲಾಗ್‌ನಲ್ಲಿ ಕಳಿಸಿದವರ ಜಾಗದಲ್ಲಿ ಲಿಸ್ಟಿನ ಬೌನ್ಸ್ ವಿಳಾಸ ಮಾತ್ರ ಕಾಣುತ್ತದೆ. ಹಾಗಾಗಿ ಮೆಸೇಜ್ ಐಡಿ (ಪ್ರತಿ ಮೇಲ್‌ಗೂ ಇರುವ ಗುರುತು) ಹಿಡಿದು, ಲಿಸ್ಟಿಗೆ ಯಾರು ಬರೆದರೆಂದು ದಾಖಲಿಸುವ ಮೇಲ್‌ಮ್ಯಾನ್‌ನ ಪೋಸ್ಟ್ ಲಾಗ್‌ಗೆ ಹೋದೆ. ತಿರಸ್ಕಾರವಾದ ಮೇಲ್‌ಗಳನ್ನೆಲ್ಲ ಬರೆದವರು ಒಂದೇ ಡೊಮೇನ್‌ನವರು. ಡಿಎನ್‌ಎಸ್ ನೋಡುವ ಡಿಗ್ ಕಮಾಂಡ್‌ನಲ್ಲಿ ಆ ಡೊಮೇನ್‌ನ ಡಿಮಾರ್ಕ್ ದಾಖಲೆ ನೋಡಿದೆ. ತಮ್ಮ ಹೆಸರಿನ ಮೇಲ್ ರುಜುವಾತಾಗದಿದ್ದರೆ ಏನು ಮಾಡಬೇಕೆಂದು ಡೊಮೇನ್‌ನವರು ಹೇಳಿಡುವುದು ಅದರಲ್ಲೇ. ನೀತಿ: ರಿಜೆಕ್ಟ್.

ಇಲ್ಲಿ ಸ್ವಲ್ಪ ನಿಧಾನಿಸಬೇಕು, ತುಂಬಾ ಜನ ಎಸ್‌ಪಿಎಫ್ (ಒಂದು ಡೊಮೇನ್ ಪರವಾಗಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂಬ ಪಟ್ಟಿ) ತಿದ್ದುತ್ತಾ ಕೂರುವುದು ಇಲ್ಲೇ. ಲಿಸ್ಟ್ ಮೇಲ್‌ನ ಹೊರ ಲಕೋಟೆಯ ಮೇಲಿರುವುದು ಲಿಸ್ಟಿನ ವಿಳಾಸ, ಆದ್ದರಿಂದ ಎಸ್‌ಪಿಎಫ್ ಪಾಸ್ ಆಗಿಯೇ ಆಗುತ್ತದೆ. ಆದರೆ ಡಿಮಾರ್ಕ್ ನೋಡುವುದು ಒಳಗಿನ ಫ್ರಮ್ ಸಾಲನ್ನು. ಅಲ್ಲಿರುವುದು ಬರೆದ ಸದಸ್ಯರ ಡೊಮೇನ್. ಎರಡೂ ಹೊಂದುವುದಿಲ್ಲ. ಇನ್ನು ಉಳಿದದ್ದು ಡಿಕಿಮ್ ಸಹಿ, ಅಂದರೆ ಕಳಿಸುವ ಡೊಮೇನ್ ಮೇಲ್‌ಗೆ ಹಾಕುವ ಡಿಜಿಟಲ್ ಮುದ್ರೆ. ಲಿಸ್ಟ್ ತನ್ನ ಹೆಸರನ್ನು ಸಬ್ಜೆಕ್ಟ್‌ನ ಮುಂದೆ ಸೇರಿಸುತ್ತದೆ, ಕೊನೆಗೆ ಅಡಿಟಿಪ್ಪಣಿ ಅಂಟಿಸುತ್ತದೆ. ಸಹಿ ಅಲ್ಲೇ ಮುರಿಯುತ್ತದೆ. ರಿಜೆಕ್ಟ್ ಮಾಡು ಎಂದು ಡೊಮೇನ್‌ನವರೇ ಹೇಳಿರುವಾಗ ಆ ಕಡೆಯ ಸರ್ವರ್ ತಿರಸ್ಕರಿಸುವುದು ಸಹಜ. ಅಂಕ ಏರುವುದು ಮಾತ್ರ ಪಡೆಯಬೇಕಾದವರಿಗೆ, ಬರೆದವರಿಗಲ್ಲ. 2014ರ ಏಪ್ರಿಲ್‌ನಲ್ಲಿ ಯಾಹೂ ಇದೇ ನೀತಿ ಹಾಕಿದಾಗ ಜಗತ್ತಿನಾದ್ಯಂತ ಲಿಸ್ಟ್‌ಗಳಲ್ಲಿ ಹೀಗೇ ಆಗಿತ್ತು.

ಅಡಿಟಿಪ್ಪಣಿ ತೆಗೆದುಬಿಡೋಣವೇ ಎಂದು ಯೋಚಿಸಿದೆ. ಸಹಿ ಉಳಿಯಬೇಕಾದರೆ ಒಂದು ಅಕ್ಷರವೂ ಬದಲಾಗಬಾರದು. ಕನ್ನಡದ ಸಬ್ಜೆಕ್ಟ್ ಮತ್ತು ಪಠ್ಯ ಸಾಮಾನ್ಯವಾಗಿ ಬೇಸ್64ಗೆ (ಇಂಗ್ಲಿಷ್ ಅಕ್ಷರ, ಅಂಕಿಗಳ ರೂಪಕ್ಕೆ) ಬದಲಾಗಿ ಹೋಗುತ್ತವೆ, ದಾರಿಯಲ್ಲಿ ಅದನ್ನು ಬಿಡಿಸಿ ಮತ್ತೆ ಕಟ್ಟಿದರೂ ಸಾಕು, ಸಹಿ ಹೋಯಿತು. ಇದನ್ನು ನಂಬಿ ಕೂರುವುದು ನನಗೆ ಸರಿ ಕಾಣಲಿಲ್ಲ. ಮೇಲ್‌ಮ್ಯಾನ್ 2.1.18ರಿಂದ ಡಿಮಾರ್ಕ್ ಮಾಡರೇಷನ್ ಆಯ್ಕೆ ಇದೆ. ಅದರಲ್ಲಿ 'ಮಂಜ್ ಫ್ರಮ್' ಆರಿಸಿದೆ. ರಿಜೆಕ್ಟ್ ನೀತಿಯವರು ಬರೆದಾಗ ಮಾತ್ರ ಫ್ರಮ್ ಸಾಲಿನಲ್ಲಿ ಅವರ ಹೆಸರಿನ ಜೊತೆ ಲಿಸ್ಟಿನ ವಿಳಾಸ ಬರುತ್ತದೆ, ಅವರ ನಿಜವಾದ ವಿಳಾಸ ರಿಪ್ಲೈ-ಟುಗೆ ಹೋಗುತ್ತದೆ. ಕ್ವಾರಂಟೈನ್ (ಸ್ಪ್ಯಾಮ್‌ಗೆ ಹಾಕು ಎನ್ನುವ) ನೀತಿಗೂ ಇದೇ ಅನ್ವಯಿಸುವ ಟಿಕ್ ಇದೆ, ಅದನ್ನೂ ಹಾಕಿದೆ. ಎಲ್ಲ ಮೇಲ್‌ಗೂ ಫ್ರಮ್ ಬದಲಿಸುವ ಇನ್ನೊಂದು ಆಯ್ಕೆ ಇದ್ದರೂ ಬೇಡವೆನಿಸಿತು. ಯಾರು ಬರೆದರು ಅನ್ನುವುದು ಚರ್ಚೆಯಲ್ಲಿ ಮುಖ್ಯ, ಅಲ್ವಾ? ಹೊರಹೋಗುವ ಮೇಲ್‌ಗೆ ನಮ್ಮದೇ ಡೊಮೇನ್‌ನ ಡಿಕಿಮ್ ಸಹಿ ಬೀಳುವಂತೆಯೂ ನೋಡಿಕೊಂಡೆ.

ಲಾಗ್‌ನಲ್ಲಿ ಇನ್ನೆರಡು ಕೋಡ್ ಸಿಕ್ಕವು. 5.1.1 ಅಂದರೆ ಆ ಖಾತೆಯೇ ಇಲ್ಲ. ಅಂಥ ವಿಳಾಸಗಳನ್ನು ಲಿಸ್ಟಿನಿಂದ ತೆಗೆದೆ. 5.7.25 ಅಂದರೆ ನಮ್ಮ ಐಪಿಗೆ ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಸರ್ವರ್ ಹೆಸರು ತಿಳಿಸುವ ಪಿಟಿಆರ್ ದಾಖಲೆ) ಸರಿಯಿಲ್ಲ. ಐಪಿವಿ4ಗೆ ಪಿಟಿಆರ್ ದಾಖಲೆ ಇತ್ತು, ಐಪಿವಿ6ಗೆ ಇರಲಿಲ್ಲ. ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಅದನ್ನು ಸೇರಿಸಿದ ಮೇಲೆ ಆ ಕೋಡ್ ನಿಂತಿತು.

ಕೊನೆಯಲ್ಲಿ 'ಬಿ' ಇದ್ದವರನ್ನು ಮತ್ತೆ ಚಾಲೂ ಮಾಡುವ ಕೆಲಸ. ಎಲ್ಲರನ್ನೂ ಒಟ್ಟಿಗೆ ಮಾಡಬೇಡಿ. ಖಾತೆಯೇ ಇಲ್ಲದವರೂ ಅವರ ನಡುವೆ ಇರಬಹುದು. ಪಟ್ಟಿ ತೆಗೆದು, ಹಳೆಯ ಲಾಗ್‌ನಲ್ಲಿ 5.7.26 ಇದ್ದವರನ್ನು ಮಾತ್ರ ಆರಿಸಿ ಟಿಕ್ ತೆಗೆದೆ. ಈ ನಡುವೆ ತಪ್ಪಿದ ಚರ್ಚೆಗಳನ್ನು ಓದಲು ಆರ್ಕೈವ್ ಕೊಂಡಿಯನ್ನು ಅವರಿಗೆ ನೇರವಾಗಿ ಕಳಿಸಿದೆ.