ಒಂದೇ ರೇಡಿಯೇಟರ್‌ಗೆ ಎರಡು ಥರದ ಫ್ಯಾನ್: ನಾನು ಹೊಂದಿಸಿಕೊಂಡ ರೀತಿ

ನನ್ನ ಕಂಪ್ಯೂಟರ್‌ನ ಪ್ರೊಸೆಸರ್ (ಸಿಪಿಯು) ತಂಪು ಮಾಡೋದು 240 ಎಂಎಂ ರೇಡಿಯೇಟರ್ ಇರುವ ಲಿಕ್ವಿಡ್ ಕೂಲರ್: ನೀರು ಸಿಪಿಯು ಶಾಖವನ್ನು ರೇಡಿಯೇಟರ್‌ಗೆ ಹೊತ್ತು ತರುತ್ತದೆ, ಫ್ಯಾನ್‌ಗಳು ಅದನ್ನು ಹೊರಹಾಕುತ್ತವೆ. ಜೊತೆಗೆ ಬಂದಿದ್ದ ಎರಡು ಫ್ಯಾನ್‌ಗಳಲ್ಲಿ ಒಂದರ ಬೇರಿಂಗ್ ಸವೆದು ಕರಕರ ಅನ್ನತೊಡಗಿತು. ಅದೇ ಮಾಡೆಲ್ ಬಿಡಿಯಾಗಿ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲೂ ಸಿಗಲಿಲ್ಲ, ಮನೆಯಲ್ಲಿದ್ದ ಆರ್ಕ್ಟಿಕ್ ಕಂಪನಿಯ ಪಿ12 ಫ್ಯಾನ್ ಹಾಕಿದೆ. ರೇಡಿಯೇಟರ್ ಮೇಲೆ ಒಂದೇ ಥರದ ಫ್ಯಾನ್ ಇರಲೇಬೇಕು ಅಂತ ತುಂಬಾ ಜನ ಹೇಳುತ್ತಾರೆ, ಅಲ್ವಾ? ಅದು ಅರ್ಧ ನಿಜ. ಫ್ಯಾನ್‌ಗಳು ಅಕ್ಕಪಕ್ಕ ಕೂತಿವೆಯೋ, ಒಂದರ ಹಿಂದೆ ಒಂದು ಕೂತಿವೆಯೋ ಅನ್ನೋದನ್ನು ಮೊದಲು ನೋಡಬೇಕು.

ಅಕ್ಕಪಕ್ಕ ಇದ್ದರೆ ಭಯ ಬೇಡ. ಒಂದೊಂದು ಫ್ಯಾನ್‌ಗೂ ತನ್ನ ಅರ್ಧ ಭಾಗ ಇರುತ್ತದೆ. ಫ್ರೇಮ್ ರೇಡಿಯೇಟರ್‌ಗೆ ಅಂಟಿಕೊಂಡು ಕೂತಿರುವುದರಿಂದ ಈ ಕಡೆಯ ಗಾಳಿ ಆ ಕಡೆ ಹೋಗೋಕೆ ದಾರಿಯೇ ಇಲ್ಲ, ದುರ್ಬಲ ಫ್ಯಾನ್ ಇರುವ ಅರ್ಧ ಸ್ವಲ್ಪ ಕಡಿಮೆ ಶಾಖ ಹೊರಹಾಕುತ್ತದೆ, ಅಷ್ಟೇ. ಹಾಗಾದರೆ ಜೋರಾದ ಫ್ಯಾನ್ ಬಿಸಿ ನೀರು ಬರುವ ಕಡೆ ಇರಬೇಕಾ? ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 1 ಲೀಟರ್ ನೀರು ಹರಿಯುತ್ತಾ 150 ವ್ಯಾಟ್ ಶಾಖ ಹೊತ್ತರೂ ಒಳಬರುವ ನೀರಿಗೂ ಹೊರಹೋಗುವ ನೀರಿಗೂ ಇರುವ ವ್ಯತ್ಯಾಸ ಸುಮಾರು 2 ಡಿಗ್ರಿ ಮಾತ್ರ. ಜಾಗ ಅದಲುಬದಲು ಮಾಡಿದರೆ ಸಿಗೋದು ಏನೂ ಇಲ್ಲ. ಕೇಬಲ್ ಎಟುಕುವ ಕಡೆ ಹಾಕಿ.

ಪುಶ್-ಪುಲ್, ಅಂದರೆ ರೇಡಿಯೇಟರ್‌ನ ಒಂದು ಬದಿಯ ಫ್ಯಾನ್ ಗಾಳಿ ತಳ್ಳಿ, ಇನ್ನೊಂದು ಬದಿಯದು ಎಳೆಯುವ ಜೋಡಣೆಯ ಕಥೆ ಬೇರೆ. ಅಲ್ಲಿ ಒಂದೇ ಗಾಳಿ ಎರಡೂ ಫ್ಯಾನ್ ದಾಟಬೇಕು. ಒತ್ತಡಗಳು ಕೂಡುತ್ತವೆ ನಿಜ, ಆದರೆ ಜೋರಾದದ್ದು ತಳ್ಳುವಷ್ಟು ಗಾಳಿಯನ್ನು ಇನ್ನೊಂದು ತಡೆಯಿಲ್ಲದೆ ತಿರುಗಿದರೂ ಸಾಗಿಸಲಾರದು ಅಂದರೆ ಅದು ಸಹಾಯ ಮಾಡೋದು ಬಿಟ್ಟು ಅಡ್ಡಿಯೇ ಆಗುತ್ತದೆ. ಎತ್ತಿನ ಗಾಡಿಗೆ ಒಂದು ಎತ್ತು, ಒಂದು ಕರು ಕಟ್ಟಿದ ಹಾಗೆ. ನಾಲ್ಕು ಫ್ಯಾನ್ ಇದ್ದು ಎರಡು ಮಾಡೆಲ್ ಆಗಿದ್ದರೆ, ಒಂದು ಅರ್ಧಕ್ಕೆ ಹಿಂದೆ ಮುಂದೆ ಒಂದೇ ಮಾಡೆಲ್, ಇನ್ನೊಂದು ಅರ್ಧಕ್ಕೆ ಇನ್ನೊಂದು ಮಾಡೆಲ್ ಹಾಕಿ.

ಫ್ಯಾನ್ ಆರಿಸುವಾಗ ಬಾಕ್ಸ್ ಮೇಲಿನ ಸಿಎಫ್‌ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ಒಂದನ್ನೇ ನಂಬಬೇಡಿ. ಅದು ಎದುರಿಗೆ ಏನೂ ಇಲ್ಲದಿದ್ದಾಗಿನ ಸಂಖ್ಯೆ. ರೇಡಿಯೇಟರ್‌ನ ತೆಳು ಲೋಹದ ಪಟ್ಟಿಗಳ ನಡುವೆ ಗಾಳಿ ತೂರಿಸೋಕೆ ಸ್ಟ್ಯಾಟಿಕ್ ಪ್ರೆಶರ್, ಅಂದರೆ ತಡೆಯ ಎದುರು ಗಾಳಿ ನೂಕುವ ಒತ್ತಡ ಬೇಕು. ಪಿ12 1800 ಆರ್‌ಪಿಎಂನಲ್ಲಿ (ನಿಮಿಷಕ್ಕೆ 1800 ಸುತ್ತು) 56.3 ಸಿಎಫ್‌ಎಂ ಕೊಡುತ್ತದೆ, ಒತ್ತಡ 2.2 ಮಿಲಿಮೀಟರ್ ನೀರಿನಷ್ಟು. ಇನ್ನೊಂದು ಕಂಪನಿಯ ಫ್ಯಾನ್ ನೊಕ್ಟುವಾ ಎನ್‌ಎಫ್-ಎ12x25 2000 ಆರ್‌ಪಿಎಂನಲ್ಲಿ 60.1 ಮತ್ತು 2.34. ಇವೆರಡು ಅಕ್ಕಪಕ್ಕ ಕೂತರೆ ಕೂಲಿಂಗ್‌ನಲ್ಲಿ ದೊಡ್ಡ ವ್ಯತ್ಯಾಸ ಆಗುವಂಥದ್ದೇನೂ ಇಲ್ಲ.

ನಿಜವಾದ ಕೆಲಸ ಇರೋದು ಕಂಟ್ರೋಲ್‌ನಲ್ಲಿ. ಇದನ್ನು ಯಾರೂ ಸರಿಯಾಗಿ ಹೇಳೋದಿಲ್ಲ. ಎರಡನ್ನೂ ಒಂದು ವೈ-ಸ್ಪ್ಲಿಟರ್‌ಗೆ (ಒಂದನ್ನು ಎರಡಾಗಿ ಕವಲೊಡೆಸುವ ಕೇಬಲ್) ಸಿಕ್ಕಿಸಿದರೆ ಎರಡಕ್ಕೂ ಒಂದೇ ಪಿಡಬ್ಲ್ಯುಎಂ (ಸ್ಪೀಡ್ ನಿಯಂತ್ರಿಸುವ ಸಿಗ್ನಲ್) ಶೇಕಡಾವಾರು ಹೋಗುತ್ತದೆ, ಒಂದೇ ಆರ್‌ಪಿಎಂ ಅಲ್ಲ. ಸ್ಪೀಡ್ ತಿಳಿಸುವ ವೈರ್ ಸ್ಪ್ಲಿಟರ್‌ನಲ್ಲಿ ಒಂದೇ ಫ್ಯಾನಿಂದ ಬರುತ್ತದೆ, ಹಾಗಾಗಿ ಇನ್ನೊಂದು ನಿಂತೇ ಹೋದರೂ ಮದರ್‌ಬೋರ್ಡ್‌ಗೆ ಗೊತ್ತಾಗೋದಿಲ್ಲ. ನಾನು ಎರಡನ್ನೂ ಮದರ್‌ಬೋರ್ಡ್‌ನ ಬೇರೆ ಬೇರೆ ಹೆಡರ್‌ಗೆ (ಫ್ಯಾನ್ ಸಿಕ್ಕಿಸುವ ಪಿನ್‌ಗಳು) ಹಾಕಿ, ಬಯಾಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್ಸ್) ಎರಡು ಕರ್ವ್ ಬರೆದೆ, ಅಂದರೆ ಎಷ್ಟು ಬಿಸಿಗೆ ಎಷ್ಟು ಸ್ಪೀಡ್ ಅನ್ನೋದನ್ನು ಬೇರೆ ಬೇರೆ ಕೊಟ್ಟೆ.

ಸ್ಪೀಡ್ ಹೊಂದಿಸುವಾಗ ಎರಡರ ಆರ್‌ಪಿಎಂ ಸಮ ಮಾಡುವ ಆಸೆ ಬಿಡಿ. ಕಿವಿಗೆ ಕೇಳೋದು ಬರೀ ಆರ್‌ಪಿಎಂ ಅಲ್ಲ, ರೆಕ್ಕೆಗಳ ಸಂಖ್ಯೆಯೂ ಸೇರಿದ ಸ್ವರ: ಆರ್‌ಪಿಎಂ ಅನ್ನು 60ರಿಂದ ಭಾಗಿಸಿ ರೆಕ್ಕೆಗಳಿಂದ ಗುಣಿಸಿ. ಪಿ12ಗೆ 5 ರೆಕ್ಕೆ, 1200ರಲ್ಲಿ 100 ಹರ್ಟ್ಸ್. ನನ್ನ ಹಳೆಯದಕ್ಕೆ 7, ಅದೇ 1200ರಲ್ಲಿ 140. ಇವು ದೂರ ಇವೆ, ತೊಂದರೆ ಇಲ್ಲ. ಆದರೆ ಪಿ12 1400ರಲ್ಲಿ, ಹಳೆಯದು 1000ದಲ್ಲಿ ಓಡಿದರೆ ಎರಡೂ 117 ಹರ್ಟ್ಸ್ ಹತ್ತಿರ ಬಂದು ಗುಂಯ್... ಗುಂಯ್... ಅಂತ ಏರಿಳಿಯುವ ಸದ್ದು ಶುರು. ರಾತ್ರಿ ಕೆಲಸ ಮಾಡುವವರಿಗೆ ಇದಕ್ಕಿಂತ ಕಿರಿಕಿರಿ ಇನ್ನೊಂದಿಲ್ಲ. ಒಂದೇ ಮಾಡೆಲ್‌ನ ಜೋಡಿಯಲ್ಲೂ ಇದು ಬರುತ್ತದೆ, ಯಾಕಂದರೆ 1200 ಅಂದುಕೊಂಡದ್ದು ಒಂದರಲ್ಲಿ 1176 ಇರಬಹುದು. ಆ ವಿಷಯದಲ್ಲಿ ಬೇರೆ ಬೇರೆ ಫ್ಯಾನ್ ಇರೋದೇ ಒಳ್ಳೆಯದು, ಸ್ವರಗಳನ್ನು ನಾವೇ ದೂರ ಇಡಬಹುದು.

ಜೋಡಿಸುವಾಗ ಎರಡು ವಿಷಯ ಗಮನಿಸಿ. 25 ಎಂಎಂ ದಪ್ಪದ ಫ್ಯಾನ್ ಬದಲು ತೆಳ್ಳಗಿನದು ಹಾಕುತ್ತಿದ್ದರೆ ಹಳೆಯ ಸ್ಕ್ರೂ ಬಳಸಲೇಬೇಡಿ, ತುದಿ ರೇಡಿಯೇಟರ್ ಕೊಳವೆಗೆ ಚುಚ್ಚಿದರೆ ನೀರು ಸೋರಿ ಎಲ್ಲ ಮುಗಿಯುತ್ತದೆ. ಎರಡನೆಯದು ದಿಕ್ಕು: ಕಂಪನಿ ಬದಲಾದಾಗ ಬಾಣದ ಗುರುತು ಇರಲಿ ಇಲ್ಲದಿರಲಿ, ಊದುಬತ್ತಿ ಹಿಡಿದು ಹೊಗೆ ಎತ್ತ ಹೋಗುತ್ತದೆ ನೋಡಿ.

ಆಮೇಲೆ ಅಳೆಯುವಾಗ ಸುಮ್ನೆ ಸಿಪಿಯು ಟೆಂಪರೇಚರ್ ಹೋಲಿಸಬೇಡಿ. ಏಪ್ರಿಲ್‌ನಲ್ಲಿ ಅಳೆದದ್ದನ್ನು ಡಿಸೆಂಬರ್‌ಗೆ ಹೋಲಿಸಿದರೆ ಅರ್ಥವಿಲ್ಲ, ರೂಮಿನ ಟೆಂಪರೇಚರ್ ಕಳೆದು ಉಳಿದದ್ದನ್ನು ನೋಡಿ. ಲೋಡ್ ಕೊಟ್ಟು ಅರ್ಧ ಗಂಟೆಯಾದರೂ ಬಿಡಿ, ನೀರು ಪೂರ್ತಿ ಬಿಸಿಯಾಗೋಕೆ ಅಷ್ಟು ಹೊತ್ತು ಬೇಕು.