ನಿಂತ ಜಾವಾ, ಯೆಜ್ಡಿಗೆ ಮೊದಲ ಕಿಕ್ ಹೊಡೆಯುವ ಮುನ್ನ

ಜಾವಾ, ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಬಂದ ಗಾಡಿಗಳು ಮೈಸೂರು, ಮಂಡ್ಯ ಸೀಮೆಯಲ್ಲಿ ಇಂದಿಗೂ ಕೊಟ್ಟಿಗೆಯಲ್ಲೋ ಆಲೆಮನೆಯ ಹಿಂದೆಯೋ ಟಾರ್ಪಾಲ್ ಹೊದ್ದು ನಿಂತಿವೆ. ಅಪ್ಪನ ಗಾಡಿ, ಮಾರಲು ಮನಸ್ಸು ಬಾರದು. ಹಬ್ಬಕ್ಕೆ ಊರಿಗೆ ಬಂದ ಮಗ ಹೊಸ ಪೆಟ್ರೋಲ್ ಸುರಿದು ಕಿಕ್ ಮೇಲೆ ಕಿಕ್ ಹೊಡೆಯುತ್ತಾನೆ. ಕೆಡುವುದು ಅಲ್ಲೇ. ಸಿಲಿಂಡರಿನ ಒಳಗೋಡೆಗೆ ಅಂಟಿದ ಪಿಸ್ಟನ್ ರಿಂಗು ಮುರಿಯುತ್ತದೆ, ಕಿಕ್ಕರ್ ಹಲ್ಲು ಹಾರುತ್ತದೆ, ಟ್ಯಾಂಕಿನ ತುಕ್ಕೆಲ್ಲ ಕಾರ್ಬುರೇಟರಿಗೆ ಇಳಿಯುತ್ತದೆ. ಕಿಕ್ ಹೊಡೆಯುವುದು ಕಟ್ಟಕಡೆಯ ಕೆಲಸ. ಇಲ್ಲಿ ಹೇಳುವುದು ಡೈನಮೊ (ಕರೆಂಟ್ ಹುಟ್ಟಿಸುವ ಭಾಗ), ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್ಚು) ಇರುವ ಹಳೆ 250 ಸಿಸಿ ಟೂ ಸ್ಟ್ರೋಕ್ ಗಾಡಿಗಳಿಗೆ.

ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ. ರಂಧ್ರದ ಸುತ್ತಲಿನ ಮಣ್ಣನ್ನು ಗಾಳಿ ಹೊಡೆದು ತೆಗೆದ ಮೇಲೆಯೇ ಬಿಚ್ಚಬೇಕು, ಇಲ್ಲವಾದರೆ ಅದು ನೇರ ಸಿಲಿಂಡರಿಗೆ ಬೀಳುತ್ತದೆ. ಡೀಸೆಲ್ ಮತ್ತು ಟೂಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಸಮಸಮ ಬೆರೆಸಿ 50 ಮಿ.ಲೀ.ನಷ್ಟು ಒಳಗೆ ಬಿಟ್ಟು ಎರಡು ದಿನ ಹಾಗೇ ಬಿಡಿ. ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ನಾಲ್ಕನೇ ಗೇರಿಗೆ ತಂದು, ಹಿಂದಿನ ಚಕ್ರವನ್ನು ಕೈಯಲ್ಲಿ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲ್ಲಾಡಿಸಿ. ಕೂದಲೆಳೆಯಷ್ಟು ಕದಲಿದರೂ ಸಾಕು, ಮತ್ತೆ ಎಣ್ಣೆ ಬಿಟ್ಟು ಮರುದಿನ ನೋಡಿ. ವಾರವಾದರೂ ಕದಲದಿದ್ದರೆ ಹೆಡ್ಡು, ಸಿಲಿಂಡರ್ ಬಿಚ್ಚಲೇಬೇಕು. ಪಿಸ್ಟನ್ ಮೇಲೆ ಕೋಲಿಟ್ಟು ಸುತ್ತಿಗೆಯಲ್ಲಿ ಬಡಿಯುವವರಿದ್ದಾರೆ, ಬೇಡ. ಪಿಸ್ಟನ್ ಬಿಟ್ಟುಕೊಂಡ ಮೇಲೆ ಪ್ಲಗ್ ಹಾಕದೆಯೇ ಚಕ್ರವನ್ನು ಚೆನ್ನಾಗಿ ತಿರುಗಿಸಿ, ಒಳಗೆ ನಿಂತ ಎಣ್ಣೆಯೆಲ್ಲ ಹೊರಗೆ ಚಿಮ್ಮಲಿ.

ಟ್ಯಾಂಕ್ ಇಳಿಸಿ, ಟ್ಯಾಪ್ ಬಿಚ್ಚಿ, ಆ ಜಾಗಕ್ಕೆ ಬಿರಡೆ ಬಿಗಿಯಿರಿ. ಹಳೆ ಪೆಟ್ರೋಲ್ ವಾರ್ನಿಷ್‌ನಂತೆ ನಾರುತ್ತಿರುತ್ತದೆ, ಅದನ್ನು ಚರಂಡಿಗೆ ಸುರಿಯಬೇಡಿ. ತುಕ್ಕಿಗೆ ದಿನಸಿ ಅಂಗಡಿಯ ನಿಂಬೆ ಉಪ್ಪೇ (ಸಿಟ್ರಿಕ್ ಆಸಿಡ್) ಮದ್ದು. ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಕರಗಿಸಿ, ಟ್ಯಾಂಕ್ ಕಂಠದವರೆಗೆ ತುಂಬಿ ರಾತ್ರಿಯಿಡೀ ಇಡಿ. ಹೊರಗಿನ ಪೇಂಟಿಗೆ ತಾಗಿದರೆ ಕೂಡಲೇ ತೊಳೆಯಿರಿ. ಬೆಳಗ್ಗೆ ಚೆಲ್ಲಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಎರಡು ಸಲ ತೊಳೆದು ಬಿಸಿಲಿಗೆ ಇಟ್ಟು ಒಣಗಿಸಿ. ಒದ್ದೆ ತಗಡಿಗೆ ಕಣ್ಣೆದುರೇ ಹೊಸ ತುಕ್ಕು ಹಿಡಿಯುತ್ತದೆ, ಆದ್ದರಿಂದ ಒಣಗಿದೊಡನೆ 100 ಮಿ.ಲೀ. ಟೂಟಿ ಆಯಿಲನ್ನು ಸ್ವಲ್ಪ ಪೆಟ್ರೋಲಿಗೆ ಬೆರೆಸಿ ಒಳಗೋಡೆಗೆಲ್ಲ ಹೊರಳಾಡಿಸಿ. ಪೆಟ್ರೋಲ್ ಪೈಪ್ ಹೊಸದೇ ಆಗಬೇಕು. ಎಥನಾಲ್ ಬೆರೆತ ಈಗಿನ ಪೆಟ್ರೋಲ್ ಹಳೆ ರಬ್ಬರನ್ನು ಮೆತ್ತಗೆ ಮಾಡಿ ಕರಗಿಸುತ್ತದೆ.

ಕಾರ್ಬುರೇಟರ್ ಬಿಚ್ಚುವಾಗ ಸೂಜಿಯ ಕ್ಲಿಪ್ ಎಷ್ಟನೇ ಗೀರಿನಲ್ಲಿತ್ತು ಎಂದು ಬರೆದಿಟ್ಟುಕೊಳ್ಳಿ. ಒಳಗೆ ತೇಲುತ್ತ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ಗುಳುಗುಳು ಅಂದರೆ ಅದು ತೂತಾಗಿದೆ, ಅಂಥದ್ದು ತೇಲುವುದಿಲ್ಲ, ಪೆಟ್ರೋಲ್ ಉಕ್ಕಿ ನೆಲಕ್ಕೆ ಹರಿಯುತ್ತದೆ. ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಜೆಟ್ಟನ್ನು ಬೆಳಕಿಗೆ ಹಿಡಿದರೆ ದುಂಡನೆಯ ಚುಕ್ಕಿ ಕಾಣಬೇಕು. ಕಟ್ಟಿದ್ದರೆ ಪೆಟ್ರೋಲಿನಲ್ಲಿ ನೆನೆಸಿ, ವೈರಿನ ಒಂದೆಳೆ ತಾಮ್ರದಿಂದ ಬಿಡಿಸಿ. ಉಕ್ಕಿನ ಪಿನ್ನು ಹಾಕಿದರೆ ಹಿತ್ತಾಳೆಯ ರಂಧ್ರ ದೊಡ್ಡದಾಗಿ, ಆಮೇಲೆ ಎಷ್ಟು ಟ್ಯೂನ್ ಮಾಡಿದರೂ ಗಾಡಿ ಕಪ್ಪು ಹೊಗೆಯನ್ನೇ ಉಗುಳುತ್ತದೆ. ಸೈಲೆನ್ಸರಿನ ತುದಿಗೂ ಒಮ್ಮೆ ಟಾರ್ಚ್ ಬಿಡಿ. ಕಣಜ ಕಟ್ಟಿದ ಮಣ್ಣಿನ ಗೂಡು ಅಲ್ಲಿರುವುದು ಅಪರೂಪವಲ್ಲ.

ಬ್ಯಾಟರಿ 6 ವೋಲ್ಟಿನದ್ದು. ಹಳೆಯದರ ಯಾವ ತುದಿ ಬಾಡಿಗೆ ಅರ್ತ್ ಆಗಿತ್ತೋ ಹೊಸದನ್ನೂ ಹಾಗೇ ಕೊಡಿ. ಬಲಗಡೆ ಕವರ್ ಬಿಚ್ಚಿದರೆ ಡೈನಮೊ, ಪಾಯಿಂಟ್ ಕಾಣುತ್ತವೆ. ಕೊಟ್ಟಿಗೆಯಲ್ಲಿ ನಿಂತ ಗಾಡಿಯಾದರೆ ಗಂಜಲದ ಆವಿಗೆ ತಾಮ್ರವೆಲ್ಲ ಹಸಿರುಗಟ್ಟಿರುತ್ತದೆ, ಪ್ರತಿ ಕನೆಕ್ಷನ್ ಬಿಚ್ಚಿ ಉಜ್ಜಬೇಕು. ಇಲಿ ಕಡಿದ ವೈರಿಗೆ ಟೇಪ್ ಸುತ್ತದೆ ಹೊಸದನ್ನೇ ಎಳೆಯಿರಿ. ಪಾಯಿಂಟನ್ನು ನಯವಾದ ಎಮರಿ ಪೇಪರಿನಿಂದ ಉಜ್ಜಿ, ಪೆಟ್ರೋಲಿನಲ್ಲಿ ಅದ್ದಿದ ಕಾಗದ ಎಳೆದು ಪುಡಿ ತೆಗೆಯಿರಿ. ಪೂರ್ತಿ ತೆರೆದಾಗ ಗ್ಯಾಪು 0.4 ಮಿ.ಮೀ., ಪ್ಲಗ್ಗಿಗೆ 0.6 ಮಿ.ಮೀ. ಫೀಲರ್ ಗೇಜ್ ಇಲ್ಲದೆ ಕಣ್ಣಳತೆಯಲ್ಲಿ ಮಾಡುವ ಕೆಲಸವಲ್ಲ ಇದು. ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿ, ಸಿಲಿಂಡರಿನ ಬಾಯಿಂದ ದೂರವಿಟ್ಟು ಎಂಜಿನ್ ತಿರುಗಿಸಿದರೆ ಕಿಡಿ ನೀಲಿಯಾಗಿ ಚಟ್ ಎನ್ನಬೇಕು. ಪ್ಲಗ್ಗಿನಲ್ಲಿ ಕಿಡಿ ಮಂಕಾಗಿದ್ದು ಪಾಯಿಂಟಿನಲ್ಲಿ ಜೋರಾಗಿ ಹಾರಿದರೆ ಕಂಡೆನ್ಸರ್ ಹೋಗಿದೆ. ಕೀಲಿಯನ್ನು ಹಾಕಿಯೇ ಬಿಟ್ಟು ಹೋಗಬೇಡಿ. ಪಾಯಿಂಟ್ ಕೂಡಿದ್ದರೆ ಕಾಯಿಲ್ ಕಾದು ಸುಟ್ಟುಹೋಗುತ್ತದೆ.

ಗೇರ್ ಆಯಿಲ್ ಬದಲಿಸಿ, ಲೆವೆಲ್ ಸ್ಕ್ರೂ ಬಾಯಲ್ಲಿ ತೊಟ್ಟಿಕ್ಕುವವರೆಗೆ ತುಂಬಿ. ಬ್ರೇಕ್ ಡ್ರಮ್ ತೆರೆದು ಲೈನಿಂಗ್ ಶೂವಿನಿಂದ ಕಿತ್ತುಬಂದಿದೆಯೇ ನೋಡಿ. ಬಿರುಕು ಬಿಟ್ಟ ಟೈರಿನಲ್ಲಿ ಓಡಿಸುವ ಮಾತೇ ಬೇಡ.

ಈಗ ಒಂದು ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂಟಿ ಆಯಿಲ್ ಬೆರೆಸಿ. ಗಾಡಿಯನ್ನು ಬಯಲಿಗೆ ತಂದು, ಕಾರ್ಬುರೇಟರಿನ ಮೇಲಿನ ಟಿಕ್ಲರ್ ಗುಂಡಿ ಒತ್ತಿ ಪೆಟ್ರೋಲ್ ಜಿನುಗಿದ ಮೇಲೆ ಕೀಲಿ ಹಾಕಿ ಕಿಕ್ ಹೊಡೆಯಿರಿ. ಐದಾರು ಕಿಕ್ಕಿಗೆ ಹತ್ತದಿದ್ದರೆ ಪ್ಲಗ್ ಬಿಚ್ಚಿ ನೋಡಿ. ಒದ್ದೆಯಿದ್ದರೆ ಕಿಡಿಯ ತೊಂದರೆ, ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಹತ್ತಿದ ಮೇಲೆ ಹತ್ತು ನಿಮಿಷ ದಟ್ಟ ಬಿಳಿ ಹೊಗೆ ಸಹಜ, ನೆನೆಸಿದ ಎಣ್ಣೆ ಉರಿಯುತ್ತಿರುತ್ತದೆ. ಅದು ನಿಲ್ಲದೆ ಗೇರ್ ಆಯಿಲೂ ಇಳಿಯುತ್ತಿದ್ದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ (ಎಣ್ಣೆ, ಗಾಳಿ ನುಸುಳದಂತೆ ತಡೆಯುವ ರಬ್ಬರ್ ಬಳೆ) ಒಣಗಿ ಸೀಳಿದೆ ಎಂದೇ ಲೆಕ್ಕ.

ಡೈನಮೊ ಕಡೆಯ ಸೀಲ್ ಹೋದರೆ ಅಪಾಯ ಇನ್ನೂ ಹೆಚ್ಚು. ಅಲ್ಲಿಂದ ಗಾಳಿ ನುಗ್ಗಿ, ಎಣ್ಣೆ ಬೆರೆತ ಪೆಟ್ರೋಲ್ ಸಾಲದೆ, ಆಕ್ಸಿಲೇಟರ್ ಬಿಟ್ಟರೂ ಎಂಜಿನ್ ಅರಚುತ್ತಲೇ ಇರುತ್ತದೆ. ಕೂಡಲೇ ಕೀಲಿ ಕೀಳಿ. ಅದೇ ಸೀಲಿನಲ್ಲಿ ರಸ್ತೆಗಿಳಿದರೆ ಪಿಸ್ಟನ್ ಹಿಡಿದುಕೊಂಡು ಹಿಂದಿನ ಚಕ್ರ ಗಕ್ಕನೆ ನಿಲ್ಲುತ್ತದೆ, ಸವಾರ ಬೀಳುತ್ತಾನೆ. ಬಹಳ ವರ್ಷ ನಿಂತ ಗಾಡಿಗೆ ಎರಡೂ ಸೀಲು ಬದಲಿಸುವುದೇ ಸರಿ. ಎಡಗಡೆಯದಕ್ಕೆ ಕ್ಲಚ್ ಪೂರ್ತಿ ಬಿಚ್ಚಬೇಕಾದ್ದರಿಂದ ಅದನ್ನು ಎಳೆದು ತೆಗೆಯುವ ಪುಲ್ಲರ್ ಇಟ್ಟುಕೊಂಡಿರುವ ಹಳೆ ಮೇಸ್ತ್ರಿಯ ಕೈಗೇ ಕೊಡಿ.

ಎಲ್ಲ ಸರಿ ಕಂಡರೆ ಅರ್ಧ ಆಕ್ಸಿಲೇಟರ್ ಮೀರದೆ ಹತ್ತು ಕಿಲೋಮೀಟರ್ ಓಡಿಸಿ. ಎಂಜಿನ್ ಪೂರ್ತಿ ತಣಿದ ಮೇಲೆ ಹೆಡ್ ನಟ್ಟುಗಳನ್ನು ಎದುರುಬದುರಾಗಿ ಬಿಗಿ ಮಾಡಿ, ಪ್ಲಗ್ ಬಿಚ್ಚಿ ತುದಿ ನೋಡಿ. ಕಪ್ಪಗೆ ಜಿಡ್ಡಾಗಿದ್ದರೆ ಸೂಜಿ ಒಂದು ಗೀರು ಇಳಿಸಿ. ಬೆಳ್ಳಗಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಆ ಜಾಗ ಸಿಗುವವರೆಗೆ ಮತ್ತೆ ಓಡಿಸಬೇಡಿ. ಹುರಿದ ಕಾಫಿಪುಡಿಯ ಬಣ್ಣವಿದ್ದರೆ ಟ್ಯಾಂಕ್ ತುಂಬಿಸಬಹುದು.