ಸಂಜೆ ಐದಕ್ಕೇ ಹಗ್ಗ ಬಿಚ್ಚುವ ಹಡಗು

ಕ್ರೂಸ್ ಪ್ರವಾಸದ ವೇಳಾಪಟ್ಟಿಯನ್ನು ಗ್ರಾಹಕರ ಮುಂದೆ ಹರಡಿದಾಗ ಅವರ ಬೆರಳು ಮೊದಲು ಬೆಲೆಯ ಮೇಲೆ ನಿಲ್ಲುತ್ತದೆ, ಆಮೇಲೆ ನಿರ್ಗಮನದ ಹೊತ್ತಿನ ಮೇಲೆ. ಬೆಳಿಗ್ಗೆ ಏಳಕ್ಕೆ ಒಂದು ಬಂದರು, ಸಂಜೆ ಐದಕ್ಕೆ ಅಲ್ಲಿಂದ ಹೊರಡುವುದು. ಮರುದಿನ ಇನ್ನೊಂದು ಬಂದರು, ಅಲ್ಲಿಯೂ ಅದೇ. "ನಾಳೆಯೂ ಊರು ನೋಡುವುದೇ ತಾನೆ? ರಾತ್ರಿ ಇಲ್ಲೇ ಇದ್ದು, ಪೇಟೆಯಲ್ಲಿ ಊಟ ಮುಗಿಸಿ, ನಿಧಾನವಾಗಿ ಹೊರಟರೆ ಏನಮ್ಮಾ ತೊಂದರೆ?" ಎಂದು ಕೇಳುತ್ತಾರೆ. ಬೆಂಗಳೂರಿನವರು ಹೀಗೆ ಕೇಳುವುದು ಸಹಜ. ನಮಗೆ ಸಮುದ್ರವಿಲ್ಲ, ಬಂದರಿನ ಗಡಿಬಿಡಿ ಗೊತ್ತಿಲ್ಲ. ಪೇಟೆ ಕಳೆಗಟ್ಟುವುದು ಸಂಜೆ ಏಳರ ಮೇಲೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು.

ನಾನು ಕ್ರೂಸ್ ಹಡಗುಗಳ ಸ್ವಾಗತ ವಿಭಾಗದಲ್ಲಿ ಹಲವು ವರ್ಷ ದುಡಿದು, ಆಮೇಲೆ ಬಸವನಗುಡಿಯಲ್ಲಿ ಸಣ್ಣದೊಂದು ಪ್ರವಾಸ ಕಚೇರಿ ತೆರೆದವಳು. ಹೊರಡುವ ಹೊತ್ತು ಹತ್ತಿರವಾದಂತೆ, ಇನ್ನೂ ಹಡಗಿಗೆ ಹಿಂದಿರುಗದವರ ಪಟ್ಟಿ ನಮ್ಮ ಕಂಪ್ಯೂಟರಿನಲ್ಲಿ ಕಿರಿದಾಗುತ್ತ ಬರುತ್ತಿತ್ತು. ಎರಡು ಮೂರು ಹೆಸರು ಉಳಿದರೆ ಧ್ವನಿವರ್ಧಕದಲ್ಲಿ ಕರೆಯುತ್ತಿದ್ದೆವು. ಆಗಲೂ ಬಾರದಿದ್ದರೆ ಅವರ ಪಾಸ್‌ಪೋರ್ಟನ್ನು ತೆಗೆದು ಬಂದರಿನ ಏಜೆಂಟರ ಕೈಗೆ ಒಪ್ಪಿಸುವುದು, ಹಡಗು ಹೊರಡುವುದು. ಏಣಿ ಎತ್ತಿದ ಮೇಲೆ ಕಟ್ಟೆಯ ಮೇಲೆ ಓಡಿ ಬರುವವರನ್ನು ನೋಡಲು ಮೇಲಿನ ಅಂತಸ್ತುಗಳಲ್ಲಿ ಜನ ಸೇರುವುದೂ ಒಂದು ಮನರಂಜನೆಯೇ ಆಗಿತ್ತು, ಹೇಳಲು ಸ್ವಲ್ಪ ಸಂಕೋಚವಾಗುತ್ತದೆ. ಹಡಗು ಯಾಕೆ ಕಾಯುವುದಿಲ್ಲ, ಯಾಕೆ ಅಷ್ಟು ಬೇಗ ಹೊರಡುತ್ತದೆ ಎಂಬುದನ್ನು ಹಡಗು ನಡೆಸುವ ಅಧಿಕಾರಿಗಳಿಂದಲೂ ಇಂಜಿನ್ ಕೋಣೆಯವರಿಂದಲೂ ಊಟದ ಮೇಜಿನಲ್ಲಿ ಕೇಳಿ ಕಲಿತೆ. ಈಗ ಅದನ್ನೇ ಗ್ರಾಹಕರಿಗೆ ಹೇಳುತ್ತಿದ್ದೇನೆ.

ಮೊದಲ ಉತ್ತರ ನಮಗೆಲ್ಲ ತಿಳಿದದ್ದೇ. ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಮಂಗಳೂರಿನಲ್ಲಿ ಇಳಿಯುವವರು ನಿದ್ದೆಯ ಹೊತ್ತನ್ನೇ ದಾರಿಗೆ ಕೊಟ್ಟು ಹಗಲನ್ನು ಉಳಿಸಿಕೊಳ್ಳುತ್ತಾರೆ. ಕ್ರೂಸ್ ಹಡಗೂ ಮಾಡುವುದು ಇಷ್ಟೇ. ನಮ್ಮ ಪಶ್ಚಿಮ ಕರಾವಳಿಯನ್ನೇ ನೋಡಿ. ಮುಂಬೈಯಿಂದ ಗೋವಾದ ಮರ್ಮಗೋವಾಕ್ಕೆ ಸಮುದ್ರದಲ್ಲಿ 400 ಕಿಲೋಮೀಟರಿಗೂ ಮಿಕ್ಕಿದ ದಾರಿ. ಮರ್ಮಗೋವಾದಿಂದ ಪಣಂಬೂರಿನ ನವಮಂಗಳೂರು ಬಂದರಿಗೆ ಸುಮಾರು 300, ಅಲ್ಲಿಂದ ಕೊಚ್ಚಿಗೆ ಸುಮಾರು 360. ಒಂದೊಂದೂ ಒಂದೊಂದು ರಾತ್ರಿಯ ಅಳತೆಯದು. ಚಳಿಗಾಲದಿಂದ ಬೇಸಿಗೆಯ ಮೊದಲ ಭಾಗದವರೆಗೆ ನವಮಂಗಳೂರಿಗೆ ಬರುವ ವಿದೇಶಿ ಹಡಗುಗಳನ್ನು ಗಮನಿಸಿದರೆ ಇದು ಕಾಣುತ್ತದೆ: ಬೆಳಿಗ್ಗೆ ಬಂದು, ಪ್ರಯಾಣಿಕರನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ ಕುದ್ರೋಳಿಗೂ ಗೇರುಬೀಜದ ಕಾರ್ಖಾನೆಗೂ ಕಳುಹಿಸಿ, ಸಂಜೆಯೊಳಗೆ ಮತ್ತೆ ಹತ್ತಿಸಿಕೊಂಡು ಹೊರಟುಬಿಡುತ್ತವೆ.

ಹಾಗಿದ್ದರೆ ರಾತ್ರಿ ಒಂಬತ್ತಕ್ಕೋ ಹತ್ತಕ್ಕೋ ಹೊರಡಬಾರದೆ, ಐದಕ್ಕೇ ಯಾಕೆ? ಈ ಪ್ರಶ್ನೆಯನ್ನು ನನ್ನ ಮುಂದೆ ಕಾಗದ ಪೆನ್ನು ಹಿಡಿದು ಕೇಳಿದವರು ಎಚ್‌ಎಎಲ್‌ನಿಂದ ನಿವೃತ್ತರಾದ ಒಬ್ಬ ಎಂಜಿನಿಯರ್. ಅವರಿಗೆ ಮಂಗಳೂರು–ಕೊಚ್ಚಿ ದಾರಿಯನ್ನೇ ಕೊಟ್ಟೆ: ಸುಮಾರು 195 ನಾಟಿಕಲ್ ಮೈಲಿ, ಅಂದರೆ ಮೇಲೆ ಹೇಳಿದ ಆ 360 ಕಿಲೋಮೀಟರೇ. ಹಡಗನ್ನು ಬಂದರಿನೊಳಗೆ ನಡೆಸಿ ತರುವ ಅಲ್ಲಿನ ಪೈಲಟ್ ಹಡಗಿಗೆ ಹತ್ತುವುದು ಬೆಳಿಗ್ಗೆ ಆರಕ್ಕೆ ಎಂದುಕೊಳ್ಳಿ. ಸಂಜೆ ಐದಕ್ಕೆ ಹೊರಟರೆ ಕೈಯಲ್ಲಿ ಹದಿಮೂರು ಗಂಟೆ. 15 ನಾಟ್, ಅಂದರೆ ಗಂಟೆಗೆ 15 ನಾಟಿಕಲ್ ಮೈಲಿ ವೇಗ ಸಾಕು. ಒಂಬತ್ತಕ್ಕೆ ಹೊರಟರೆ ಒಂಬತ್ತೇ ಗಂಟೆ. ವೇಗ 22 ನಾಟ್‌ಗೆ ಹತ್ತಿರವಾಗಬೇಕು. ಹನ್ನೊಂದಕ್ಕೆ ಹೊರಟರೆ 28 ನಾಟ್ ಬೇಕು, ಈಗಿನ ಬಹುಪಾಲು ಕ್ರೂಸ್ ಹಡಗುಗಳಿಗೆ ಅದು ಸಾಧ್ಯವೇ ಇಲ್ಲ.

"22 ನಾಟ್ ಓಡಿಸಲಿ ಬಿಡಿ, ಇಂಜಿನ್ ಇರುವುದೇ ಅದಕ್ಕೆ" ಎಂದರು ಅವರು. ಮರುಕ್ಷಣವೇ ತಾವೇ ತಡೆದು ಕಾಗದದ ಮೇಲೆ ಗೀಚತೊಡಗಿದರು. ಹಡಗನ್ನು ನೀರಿನಲ್ಲಿ ತಳ್ಳಲು ಬೇಕಾದ ಶಕ್ತಿ ಹೆಚ್ಚು ಕಡಿಮೆ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 15ರಿಂದ 22ಕ್ಕೆ ಹೋದರೆ ಬೇಕಾಗುವ ಶಕ್ತಿ ಮೂರು ಪಟ್ಟು. ಓಡುವ ಗಂಟೆಗಳು ಕಡಿಮೆಯಾದರೂ, ಅದೇ ದಾರಿಗೆ ಸುಡುವ ಇಂಧನ ಎರಡು ಪಟ್ಟಿಗೂ ಹೆಚ್ಚು. ನಾಲ್ಕು ಗಂಟೆ ತಡವಾಗಿ ಹೊರಡುವ ಸುಖಕ್ಕೆ ತೆರಬೇಕಾದ ಬೆಲೆ ಇದು. ದೀಪ, ಹವಾನಿಯಂತ್ರಣ, ಅಡುಗೆಮನೆಗಳಿಗೆ ಬೇಕಾದ ವಿದ್ಯುತ್ತು ಇದರಲ್ಲಿ ಸೇರಿಲ್ಲ. ಅದು ನಿಂತರೂ ನಡೆದರೂ ಬೇಕೇ ಬೇಕು. ಅವರು ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ನನ್ನ ಅನುಭವದಲ್ಲಿ ಒಬ್ಬ ಗ್ರಾಹಕರು ಇಷ್ಟು ಸಂತೋಷದಿಂದ ಸೋತದ್ದು ಅಪರೂಪ.

ಹಡಗಿನ ವೇಳೆಯನ್ನು ಹೊರಡುವ ಕಡೆಯಿಂದ ಎಣಿಸುವುದಿಲ್ಲ, ತಲುಪುವ ಕಡೆಯಿಂದ ಎಣಿಸುತ್ತಾರೆ. ನಾಳೆ ಬೆಳಿಗ್ಗೆ ಪೈಲಟ್ ಯಾವಾಗ ಸಿಗುತ್ತಾನೆ, ಹಡಗನ್ನು ಎಳೆದು ತಳ್ಳುವ ಟಗ್ ದೋಣಿಗಳು ಯಾವಾಗ ಬಿಡುವಾಗಿರುತ್ತವೆ, ಭರತ ಇಳಿತ ಹೇಗಿದೆ, ಹಡಗು ಒರಗಿ ನಿಲ್ಲುವ ಜಾಗ, ಅಂದರೆ ಬರ್ತ್, ಯಾವಾಗ ಖಾಲಿ ಎಂಬುದೆಲ್ಲ ಮೊದಲೇ ಗೊತ್ತುಮಾಡಿರುತ್ತದೆ. ಬರ್ತನ್ನು ಒಂದೆರಡು ವರ್ಷ ಮುಂಚೆಯೇ ಕಾದಿರಿಸುತ್ತಾರೆ. ಜನಪ್ರಿಯ ಊರುಗಳಲ್ಲಿ ಇದು ಇನ್ನೂ ಬಿಗಿ. ಕ್ರೊಯೇಷಿಯಾದ ಡುಬ್ರೋವ್ನಿಕ್ 2019ರಿಂದ ಒಂದು ಹೊತ್ತಿಗೆ ಎರಡೇ ಕ್ರೂಸ್ ಹಡಗುಗಳಿಗೆ ಅವಕಾಶ ಕೊಡುತ್ತಿದೆ. ಅಲಾಸ್ಕದ ಜುನೋ 2024ರಿಂದ ದಿನಕ್ಕೆ ಐದು ದೊಡ್ಡ ಹಡಗುಗಳ ಮಿತಿ ಹಾಕಿಕೊಂಡಿದೆ. ಇಂಥ ಕಡೆ ಒಂದು ಹಡಗು ರಾತ್ರಿ ಒರಗಿಯೇ ನಿಂತರೆ ಬೆಳಿಗ್ಗೆ ಬರುವವರಿಗೆ ಜಾಗವೆಲ್ಲಿ?

ಬಾಡಿಗೆಯ ಲೆಕ್ಕ ಬೇರೆ. ಹಡಗಿನ ಒಟ್ಟು ಟನ್ನೇಜ್, ಅಂದರೆ ಅದರ ಗಾತ್ರದ ಅಳತೆಯ ಮೇಲೆ ಬಂದರು ಶುಲ್ಕ, ಪೈಲಟ್ ಶುಲ್ಕ, ಟಗ್, ಹಗ್ಗ ಕಟ್ಟುವವರ ಕೂಲಿ. ಇವುಗಳ ಜೊತೆಗೆ ಹಲವು ಬಂದರುಗಳಲ್ಲಿ ಬರ್ತ್ ಬಾಡಿಗೆ ಗಂಟೆಯ ಲೆಕ್ಕದಲ್ಲಿ ಏರುತ್ತ ಹೋಗುತ್ತದೆ. ರಾತ್ರಿಯಿಡೀ ಏಣಿಯ ಬಳಿ ಭದ್ರತೆಯವರು ನಿಲ್ಲಬೇಕು. ಬಂದರಿನಲ್ಲಿ ಇಂಜಿನ್ ಹೊಗೆಯ ತಕರಾರೂ ಇದೆ; ಜುನೋ 2001ರಲ್ಲೇ ದಡದಿಂದ ಕ್ರೂಸ್ ಹಡಗಿಗೆ ವಿದ್ಯುತ್ ಕೊಟ್ಟು ಜಗತ್ತಿಗೆ ಮೊದಲಾಯಿತು, ಆದರೆ ಆ ವ್ಯವಸ್ಥೆ ಇಲ್ಲದ ಬಂದರುಗಳೇ ಹೆಚ್ಚು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ, ಹಡಗಿನಲ್ಲಿ ಚುರುಕಾದ ಪ್ರಯಾಣಿಕರು ನನ್ನ ಮೇಜಿಗೆ ಬಂದು ಕೇಳುತ್ತಿದ್ದದ್ದು: ಮುಂದಿನ ಬಂದರು ಕೂಗಳತೆಯಲ್ಲಿದ್ದರೂ ಹಡಗು ಸಂಜೆಯೇ ಹೊರಟು, ರಾತ್ರಿಯೆಲ್ಲ ಸಮುದ್ರದಲ್ಲಿ ಆಮೆಯ ವೇಗದಲ್ಲಿ ಸುತ್ತು ಹೊಡೆದು ಬೆಳಿಗ್ಗೆ ಬರುವುದೇಕೆ? ಕೋಣೆಯ ಟಿವಿಯಲ್ಲಿ ನಕ್ಷೆ ತೋರಿಸುತ್ತಾರಲ್ಲ, ಅದರ ಮೇಲೆ ಈ ಸುತ್ತುಗಳು ಸ್ಪಷ್ಟವಾಗಿ ಕಾಣುತ್ತವೆ.

ಉತ್ತರದ ದೊಡ್ಡ ಪಾಲು ದುಡ್ಡು. ಬಂದರಿನಲ್ಲಿರುವಷ್ಟು ಹೊತ್ತು ಹೆಚ್ಚಿನ ದೇಶಗಳಲ್ಲಿ ಹಡಗಿನ ಕ್ಯಾಸಿನೊ ತೆರೆಯುವಂತಿಲ್ಲ, ಸುಂಕರಹಿತ ಅಂಗಡಿಗಳ ಬಾಗಿಲೂ ಮುಚ್ಚಿರಬೇಕು. ಒಂದು ದೇಶದ ಪ್ರಾದೇಶಿಕ ಸಮುದ್ರ ತೀರದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ವರೆಗೆ ಹಬ್ಬಿರುತ್ತದೆ. ಅದನ್ನು ದಾಟಿದರೆ ನಿರಾಳ. ಸಂಜೆ ಐದಕ್ಕೆ ಹೊರಟ ಹಡಗಿನಲ್ಲಿ ಜನ ಸ್ನಾನ ಮಾಡಿ, ಒಳ್ಳೆಯ ಬಟ್ಟೆ ಉಟ್ಟು ಊಟಕ್ಕೆ ಬರುವಷ್ಟರಲ್ಲಿ ಅಂಗಡಿಗಳಲ್ಲಿ ದೀಪ ಹತ್ತಿರುತ್ತದೆ. ಇದು ಆಕಸ್ಮಿಕವಲ್ಲ. ಟಿಕೆಟ್ಟಿನ ಬೆಲೆ ಹಡಗಿನ ಆದಾಯದ ಒಂದು ಭಾಗ ಮಾತ್ರ. ಮದ್ಯ, ಜೂಜು, ಅಂಗಡಿ, ವಿಶೇಷ ಭೋಜನಶಾಲೆಗಳ ಗಳಿಕೆಯೂ ಸೇರಿದರೆ ಲೆಕ್ಕ ಸರಿಹೋಗುತ್ತದೆ. ರಾತ್ರಿ ಊರಿನಲ್ಲಿ ಬಿಟ್ಟರೆ ಆ ದುಡ್ಡೆಲ್ಲ ಊರಿನ ಹೋಟೆಲುಗಳ ಪಾಲು. ಕ್ಯಾಸಿನೊದ ಕಡೆ ತಲೆಯೂ ಹಾಕದ, ಮದ್ಯ ಮುಟ್ಟದ ನಮ್ಮ ಬಸವನಗುಡಿಯ ಗ್ರಾಹಕರು ಇದನ್ನು ಕೇಳಿ, "ಹಾಗಾದರೆ ಬೇರೆಯವರ ಜೂಜಿಗಾಗಿ ನಮ್ಮ ಸಂಜೆ ಹೋಯಿತು ಅನ್ನಿ" ಎನ್ನುತ್ತಾರೆ. ಅವರ ಟಿಕೆಟ್ಟು ಅಷ್ಟು ಅಗ್ಗವಾಗಿರುವುದೂ ಆ ಜೂಜಿನಿಂದಲೇ ಎಂದು ನಾನು ಸೇರಿಸುತ್ತೇನೆ.

ಇದಕ್ಕೆ ಪುರಾವೆ ಬೇಕೆಂದವರಿಗೆ ಹವಾಯಿಯನ್ನು ತೋರಿಸುತ್ತೇನೆ. ಅಲ್ಲಿನ ದ್ವೀಪಗಳನ್ನು ವಾರಕ್ಕೊಮ್ಮೆ ಸುತ್ತುವ 'ಪ್ರೈಡ್ ಆಫ್ ಅಮೆರಿಕ' ಹಡಗು ಮಾವಿಯ ಕಹುಲುಯಿಯಲ್ಲೂ ಕವಾಯಿಯ ನವಿಲಿವಿಲಿಯಲ್ಲೂ ರಾತ್ರಿ ಅಲ್ಲೇ ನಿಲ್ಲುತ್ತದೆ. ಅದರಲ್ಲಿ ಕ್ಯಾಸಿನೊ ಇಲ್ಲವೇ ಇಲ್ಲ. ಇನ್ನೊಂದು ಬರ್ಮುಡಾ: ಹಡಗುಗಳು ಅಲ್ಲಿ ಎರಡು ಮೂರು ದಿನ ನಿಲ್ಲುವ ಪದ್ಧತಿ ಇದ್ದುದರಿಂದ, ಬಂದರಿನಲ್ಲಿರುವಾಗಲೂ ಹಡಗಿನ ಕ್ಯಾಸಿನೊಗೆ ಅನುಮತಿ ಕೊಡಲು 2013ರಲ್ಲಿ ಒಂದು ಕಾನೂನನ್ನೇ ಮಾಡಿದರು.

ಉತ್ತರದ ಉಳಿದ ಪಾಲು ಕೊಳಾಯಿಯದು, ಇದನ್ನು ಯಾವ ಕರಪತ್ರವೂ ಹೇಳುವುದಿಲ್ಲ. ಮೂರು ನಾಲ್ಕು ಸಾವಿರ ಜನ ಮೀಯುವ, ಬಟ್ಟೆ ಒಗೆಸುವ, ಊಟ ಮಾಡುವ ನೀರು ಎಲ್ಲಿಂದ ಬರಬೇಕು? ಸಮುದ್ರದ ನೀರನ್ನು ಸಿಹಿನೀರಾಗಿಸುವ ಯಂತ್ರಗಳು ಹಡಗಿನಲ್ಲೇ ಇರುತ್ತವೆ. ಆದರೆ ಬಂದರಿನ ಕೊಳಕು ನೀರನ್ನು ಅವುಗಳಿಗೆ ಊಡಿಸುವುದಿಲ್ಲ. ದಡದಿಂದ ದೂರ ಹೋಗಬೇಕು. ಅವುಗಳಲ್ಲಿ ಒಂದು ಬಗೆಯವು ಇಂಜಿನ್ನಿನ ವ್ಯರ್ಥ ಬಿಸಿಯಿಂದಲೇ ನಡೆಯುವಂಥವು, ಆದ್ದರಿಂದ ಇಂಜಿನ್ ಹೊರೆ ಹೊತ್ತು ಓಡುತ್ತಿದ್ದರೇ ಅವಕ್ಕೆ ಜೀವ. ಟ್ಯಾಂಕರಿಗೆ ಫೋನು ಮಾಡಿ ಕಾದ ಬೆಂಗಳೂರಿಗರಿಗೆ ಈ ಭಾಗವನ್ನು ಹೆಚ್ಚು ವಿವರಿಸಬೇಕಾಗುವುದಿಲ್ಲ.

ಬಳಸಿದ ನೀರಿನದೂ ಅದೇ ಪಾಡು. ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಪುಡಿಮಾಡಿ ಸೋಂಕು ತೆಗೆದ ಶೌಚದ ನೀರನ್ನು ದಡದಿಂದ 3 ನಾಟಿಕಲ್ ಮೈಲಿಗಿಂತ ಆಚೆ, ಸಂಸ್ಕರಿಸದ್ದನ್ನು 12 ಮೈಲಿಗಿಂತ ಆಚೆ ಮಾತ್ರ ಬಿಡಬಹುದು; ಎರಡನೆಯದಕ್ಕೆ ಹಡಗು ಕನಿಷ್ಠ 4 ನಾಟ್ ವೇಗದಲ್ಲಿ ಚಲಿಸುತ್ತಲೇ ಇರಬೇಕು. ಅಡುಗೆಮನೆಯ ಎಂಜಲನ್ನೂ ಅರೆದು, ದಡ ಬಿಟ್ಟು, ಚಲಿಸುತ್ತಿರುವಾಗಲೇ ವಿಲೇವಾರಿ ಮಾಡಬೇಕು. ಹೊಸ ಹಡಗುಗಳಲ್ಲಿ ಒಳ್ಳೆಯ ಸಂಸ್ಕರಣಾ ಘಟಕಗಳಿವೆ, ತೊಟ್ಟಿಗಳೂ ದೊಡ್ಡವು. ಆದರೂ ಎರಡು ಹಗಲು ಒಂದು ರಾತ್ರಿ ಒಂದೇ ಕಡೆ ನಿಂತರೆ ತೊಟ್ಟಿ ತುಂಬುವ ಚಿಂತೆ ಇಂಜಿನ್ ಕೋಣೆಯವರಿಗೆ ಶುರುವಾಗುತ್ತದೆ. ರಾತ್ರಿಯ ಆ ಸುತ್ತುಗಳಿಗೆ ಇಷ್ಟೆಲ್ಲ ಕೆಲಸ.

ನಮ್ಮಂಥ ಸಿಬ್ಬಂದಿಗೆ ಮಾತ್ರ ಹಡಗು ರಾತ್ರಿ ಬಂದರಿನಲ್ಲೇ ಉಳಿದರೆ ಹಬ್ಬ. ಪಾಳಿ ಮುಗಿಸಿ ಬೀದಿಗಿಳಿದು, ಬಿಸಿ ಬಿಸಿ ಏನಾದರೂ ತಿಂದು, ಮನೆಗೆ ವಿಡಿಯೋ ಕರೆ ಮಾಡಿ ಬರುತ್ತಿದ್ದೆವು. ಆದ್ದರಿಂದ ಸಂಜೆಯ ನಿರ್ಗಮನವನ್ನು ನಾನು ಸಮರ್ಥಿಸಿ ಮಾತನಾಡುತ್ತಿದ್ದೇನೆಂದು ತಿಳಿಯಬೇಡಿ. ನನಗೂ ಅದು ಎಂದೂ ಇಷ್ಟವಾಗಲಿಲ್ಲ.

ಈ ತಿಳಿವಳಿಕೆಯನ್ನು ಕಚೇರಿಯಲ್ಲಿ ಬಳಸುವುದು ಹೀಗೆ. ಗ್ರಾಹಕರಿಗೆ ಪ್ರವಾಸದ ಕಾಗದ ಕೊಡುವಾಗ ನಿರ್ಗಮನದ ಹೊತ್ತನ್ನು ಹೊಡೆದುಹಾಕಿ, ಅದಕ್ಕಿಂತ ಒಂದೂವರೆ ಗಂಟೆ ಮುಂಚಿನ ಹೊತ್ತನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ಹಡಗು ಹತ್ತಲು ಕೊಡುವ ಕಡೆಯ ಗಡುವು ಸಾಮಾನ್ಯವಾಗಿ ನಿರ್ಗಮನಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಇರುತ್ತದೆ. ಉಳಿದದ್ದು ನಮ್ಮವರ ಕಡೆಯ ನಿಮಿಷದ ಖರೀದಿಗೆ. ಕೈಗಡಿಯಾರವನ್ನು ಹಡಗಿನ ಹೊತ್ತಿಗೆ ಇಟ್ಟುಕೊಳ್ಳಲು ಹೇಳುತ್ತೇನೆ. ಊರಿನ ಹೊತ್ತು ಬೇರೆಯಿದ್ದರೆ ಮೊಬೈಲ್ ತಾನಾಗಿಯೇ ಬದಲಿಸಿಕೊಂಡು ಮೋಸ ಮಾಡುತ್ತದೆ. ದೂರದ ಸ್ಥಳ ಮೊದಲು, ಬಂದರಿನ ಪಕ್ಕದ್ದು ಕೊನೆಗೆ. ಲಕ್ಷದ್ವೀಪದಂಥ ಕಡೆ ಹಡಗು ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಜನರನ್ನು ಸಾಗಿಸುತ್ತದೆ. ಅಲ್ಲಿ ಕಡೆಯ ದೋಣಿಗೆ ಕಾಯುವುದೇ ಬೇಡ.

ವೇಳಾಪಟ್ಟಿಯಲ್ಲಿ ವಿಚಿತ್ರ ಹೊತ್ತು ಕಂಡರೆ ಕಾರಣ ಹುಡುಕುವುದು ನನಗೆ ಚಟ. ಸಿಯಾಟಲ್‌ನಿಂದ ಅಲಾಸ್ಕಕ್ಕೆ ಹೋಗುವ ಹಡಗುಗಳಲ್ಲಿ ಹಲವು ಕೆನಡಾದ ವಿಕ್ಟೋರಿಯಕ್ಕೆ ಸಂಜೆ ಬಂದು ಕೆಲವೇ ಗಂಟೆ ನಿಲ್ಲುತ್ತವೆ. ಊರು ಚೆನ್ನಾಗಿದೆ ನಿಜ, ಆದರೆ ಆ ನಿಲುಗಡೆಯ ಹಿಂದೆ ಅಮೆರಿಕದ 1886ರ ಕಾನೂನಿದೆ: ವಿದೇಶಿ ಧ್ವಜದ ಹಡಗು ಬರೀ ಅಮೆರಿಕದ ಬಂದರುಗಳ ನಡುವೆ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ಇಂಥ ಕಡೆ ದುಬಾರಿ ವಿಹಾರ ಕೊಳ್ಳಬೇಡಿ, ಕಾಲಾಡಿಸಿ ಬನ್ನಿ ಎನ್ನುತ್ತೇನೆ.

ರಾತ್ರಿಯ ಪೇಟೆ ನೋಡಲೇಬೇಕೆನ್ನುವವರಿಗೆ ಎರಡು ದಾರಿ. ಒಂದು, ರಾತ್ರಿ ಬಂದರಿನಲ್ಲೇ ತಂಗುವ ಪ್ರವಾಸಗಳನ್ನು ಆರಿಸುವುದು. ಇಸ್ತಾಂಬುಲ್, ರೇಕ್ಯವಿಕ್‌ನಂಥ ಊರುಗಳಲ್ಲಿ ಅವು ಸಿಗುತ್ತವೆ, ಬೆಲೆ ಮಾತ್ರ ಏರುತ್ತದೆ. ಇನ್ನೊಂದು, ಹಡಗು ಹೊರಡುವ ಊರಿಗೇ ಮೊದಲು ವಿಮಾನದಲ್ಲಿ ಹೋಗಿ ಹೋಟೆಲಿನಲ್ಲಿ ಇಳಿಯುವುದು. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ವಿಮಾನವಿದೆ, ನಾಲ್ಕೂವರೆ ಗಂಟೆಯ ದಾರಿ. ವಿಮಾನ ತಡವಾದರೂ ಹಡಗು ತಪ್ಪುವುದಿಲ್ಲ ಎಂಬ ಲಾಭವೂ ಜೊತೆಗಿದೆ. ಎಚ್‌ಎಎಲ್ ಎಂಜಿನಿಯರರು ಹವಾಯಿಯ ಆ ಕ್ಯಾಸಿನೊ ಇಲ್ಲದ ಹಡಗನ್ನೇ ಬಯಸಿ ಬಂದಿದ್ದರು. ಅಮೆರಿಕದ ವೀಸಾ ಸಂದರ್ಶನಕ್ಕೆ ಕಾಯಬೇಕಾದ ಕಾಲವನ್ನೂ ಹೊನೊಲುಲುವಿನ ವಿಮಾನದ ದರವನ್ನೂ ನೋಡಿದ ಮೇಲೆ, ಸಿಂಗಪುರದಲ್ಲಿ ಎರಡು ರಾತ್ರಿ ಹೋಟೆಲ್, ಅಲ್ಲಿಂದ ಪೆನಾಂಗ್ ಮತ್ತು ಫುಕೆಟ್‌ಗೆ ಹಡಗು ಎಂದು ತೀರ್ಮಾನವಾಯಿತು. ಮುಂಗಡ ಕಟ್ಟುವ ಮೊದಲು ಅವರು ಕೇಳಿದ್ದು ಒಂದೇ, ಪೆನಾಂಗ್‌ನಿಂದ ಫುಕೆಟ್‌ಗೆ ಎಷ್ಟು ನಾಟಿಕಲ್ ಮೈಲಿ ಎಂದು.